ಅರವತ್ತನಾಲ್ಕು ಮಂದಿಯ ಕೌಂಟಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ನ್ಯೂ ಮೆಕ್ಸಿಕೊ ಗಡಿಗೆ ತಾಗಿಕೊಂಡು ಲವಿಂಗ್ ಕೌಂಟಿ ಇದೆ. ವಿಸ್ತೀರ್ಣ ಸುಮಾರು 1,750 ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಅಲ್ಲಿ ವಾಸವಿರುವವರು 64 ಜನ. ಇರುವ ನೆಲವನ್ನು ಇವರಿಗೆಲ್ಲ ಸಮನಾಗಿ ಹಂಚಿದರೆ ತಲೆಗೆ 27 ಚದರ ಕಿಲೋಮೀಟರ್ ಬರುತ್ತದೆ. ಅಮೆರಿಕದಲ್ಲಿರುವ 3,100ಕ್ಕೂ ಹೆಚ್ಚು ಕೌಂಟಿಗಳಲ್ಲಿ ಆ ಗಣತಿಯಂತೆ ಅತಿ ಕಡಿಮೆ ಜನರಿರುವುದು ಇಲ್ಲಿಯೇ.

ಅಲ್ಲಿ ಕೌಂಟಿಯೆಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ನಮ್ಮ ಜಿಲ್ಲೆಗೋ ತಾಲ್ಲೂಕಿಗೋ ಅದನ್ನು ಹೋಲಿಸಬಹುದಾದರೂ ಎರಡಕ್ಕೂ ಅದು ಪೂರ್ತಿ ಹೊಂದುವುದಿಲ್ಲ. ಅದನ್ನು ನಡೆಸುವವರು ಮೇಲಿನಿಂದ ನೇಮಕವಾಗಿ ಬಂದ ಅಧಿಕಾರಿಗಳಲ್ಲ, ಸ್ಥಳೀಯರೇ ಮತ ಹಾಕಿ ಆರಿಸಿದವರು. ಟೆಕ್ಸಾಸ್ ಒಂದರಲ್ಲೇ 254 ಕೌಂಟಿಗಳಿವೆ. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಗಣತಿಯಂತೆ 47 ಲಕ್ಷ ಜನರಿದ್ದರು, ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿ. ಕಾನೂನಿನ ಕಣ್ಣಿಗೆ ಇವೆಲ್ಲವೂ ಲವಿಂಗ್‌ನಂತೆಯೇ ಒಂದೊಂದು ಕೌಂಟಿ.

ಪೇಕೊಸ್ ನದಿ ಈ ಕೌಂಟಿಯ ಪಶ್ಚಿಮ ಮತ್ತು ನೈಋತ್ಯದ ಎಲ್ಲೆ. ನದಿಯಾಚೆ ರೀವ್ಸ್ ಕೌಂಟಿ, ದಕ್ಷಿಣಕ್ಕೆ ವಾರ್ಡ್, ಪೂರ್ವಕ್ಕೆ ವಿಂಕ್ಲರ್. ಉತ್ತರದಲ್ಲಿ ನ್ಯೂ ಮೆಕ್ಸಿಕೊದ ಎಡ್ಡಿ ಮತ್ತು ಲೀ ಕೌಂಟಿಗಳು. ಆ ಗಡಿ ದಾಟಿದರೆ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಬೇಕು. ನೆಲ ಹೆಚ್ಚೂಕಡಿಮೆ ಚಪ್ಪಟೆ, ಅಲ್ಲಲ್ಲಿ ಸಣ್ಣ ದಿಣ್ಣೆಗಳು, ಒಣ ಹಳ್ಳಗಳು. ಸಮುದ್ರಮಟ್ಟದಿಂದ ಸುಮಾರು 800ರಿಂದ 1,000 ಮೀಟರ್ ಎತ್ತರ. ವರ್ಷಕ್ಕೆ ಬೀಳುವ ಮಳೆ 25 ಸೆಂಟಿಮೀಟರ್‌ನ ಆಸುಪಾಸು. ಬಂದಾಗ ಒಮ್ಮೆಲೇ ಹೊಡೆದು ಹೋಗುತ್ತದೆ, ಉಳಿದ ದಿನಗಳಲ್ಲಿ ಗಾಳಿ ಮತ್ತು ಧೂಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಮಣ್ಣಿನಲ್ಲಿ ಸುಣ್ಣ, ಜಿಪ್ಸಂ ಹೆಚ್ಚು. ಅಂಥ ನೆಲದಲ್ಲಿ ಬೆಳೆಯುವ ಗಿಡಗಳೂ ಗಟ್ಟಿ ಜೀವದವು: ಕ್ರಿಯೊಸೋಟ್ ಪೊದೆ, ಕಳ್ಳಿಯ ಜಾತಿಗಳು, ಮುಳ್ಳಿನ ಮೆಸ್ಕೀಟ್. ಈ ಮೆಸ್ಕೀಟ್ ಕನ್ನಡನಾಡಿಗೆ ಅಪರಿಚಿತವಲ್ಲ. ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನೂ ಬೀಳು ಹೊಲಗಳನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿ ಇದರ ಹತ್ತಿರದ ಸಂಬಂಧಿ, ಎರಡೂ ಪ್ರೊಸೋಪಿಸ್ ಕುಲಕ್ಕೆ ಸೇರಿದವು. ಬಳ್ಳಾರಿ ಜಾಲಿಯ ಮೂಲವೂ ಅಮೆರಿಕ ಖಂಡಗಳೇ. ಪಶ್ಚಿಮ ಟೆಕ್ಸಾಸಿನ ದನಗಾರರು ಮೆಸ್ಕೀಟಿನ ಬಗ್ಗೆ ಹೇಳುವ ದೂರು ನಮ್ಮ ರೈತರ ದೂರೇ: ಬೇರು ಪಾತಾಳಕ್ಕೆ ಇಳಿಯುತ್ತದೆ, ಕಡಿದಷ್ಟೂ ಚಿಗುರುತ್ತದೆ, ಹುಲ್ಲನ್ನು ಬೆಳೆಯಗೊಡುವುದಿಲ್ಲ.

ನದಿ ಇದ್ದೂ ನೀರಿಗೆ ಬಡತನ ಎಂಬುದು ಈ ಸೀಮೆಯ ಪಾಡು. ಉತ್ತರ ನ್ಯೂ ಮೆಕ್ಸಿಕೊದ ಪರ್ವತಗಳಲ್ಲಿ ಹುಟ್ಟುವ ಪೇಕೊಸ್ ಸುಮಾರು 1,500 ಕಿಲೋಮೀಟರ್ ಹರಿದು ರಿಯೊ ಗ್ರಾಂಡೆಯನ್ನು ಸೇರುತ್ತದೆ. ಟೆಕ್ಸಾಸಿಗೆ ಕಾಲಿಡುವ ಮುಂಚೆಯೇ, ಮಲಾಗಾ ಎಂಬ ತಿರುವಿನಲ್ಲಿ, ನೆಲದಡಿಯ ಉಪ್ಪಿನ ಊಟೆಗಳು ಅದರೊಳಗೆ ಒಸರುತ್ತವೆ. ಹಾಗಾಗಿ ಲವಿಂಗ್‌ಗೆ ಬರುವ ಹೊತ್ತಿಗೆ ನೀರು ಸವಳು. 1936ರಲ್ಲಿ ಮುಗಿದ ರೆಡ್ ಬ್ಲಫ್ ಅಣೆಕಟ್ಟು ಈ ನೀರನ್ನು ರಾಜ್ಯದ ಗಡಿಯಲ್ಲೇ ತಡೆದು ಕೆಳಗಿನ ನೀರಾವರಿ ಪ್ರದೇಶಗಳಿಗೆ ಬಿಡುತ್ತದೆ. ಇಡೀ ನ್ಯೂ ಮೆಕ್ಸಿಕೊದಲ್ಲಿ ಅತ್ಯಂತ ತಗ್ಗಿನ ಜಾಗ ಈ ಜಲಾಶಯದ ದಡ. ಅದರ ಎತ್ತರ 866 ಮೀಟರ್. ಪರ್ವತರಾಜ್ಯವೊಂದರ ಕಟ್ಟಕಡೆಯ ತಗ್ಗು ಇಲ್ಲಿಗೆ ಬಂದು ಮುಗಿಯುತ್ತದೆ.

ಜಲಾಶಯ ನುಂಗಿದ ಜಾಗಗಳಲ್ಲಿ ಒಂದು ಹಳೆಯ ಸೈನಿಕ ಶಿಬಿರವೂ ಸೇರಿದೆ. 1855ರಿಂದ 1858ರವರೆಗೆ ಕ್ಯಾಪ್ಟನ್ ಜಾನ್ ಪೋಪ್ ಎಂಬ ಸೇನಾ ಎಂಜಿನಿಯರ್ ಅಲ್ಲಿ ಬೀಡುಬಿಟ್ಟು ಬಾವಿ ಕೊರೆಸಿದ. ಪೆಸಿಫಿಕ್ ತೀರಕ್ಕೆ ರೈಲುಹಾದಿ ಹಾಕುವ ಯೋಚನೆ ಆಗ ಬಲವಾಗಿತ್ತು. ಮರುಭೂಮಿಯಲ್ಲಿ ತಾನಾಗಿ ಉಕ್ಕುವ ನೀರು ಸಿಕ್ಕರೆ ಹಾದಿ ಸುಲಭವಾಗುತ್ತದೆ ಎಂಬ ಲೆಕ್ಕಾಚಾರ. ನೂರಾರು ಮೀಟರ್ ಕೊರೆದರೂ ಮೇಲಕ್ಕೆ ಚಿಮ್ಮುವ ನೀರು ಸಿಗಲಿಲ್ಲ. ಶಿಬಿರ ಮಾತ್ರ 1858ರಲ್ಲಿ ಬಟರ್‌ಫೀಲ್ಡ್ ಟಪಾಲು ಗಾಡಿಗಳಿಗೆ ಕೆಲಕಾಲ ತಂಗುದಾಣವಾಗಿ ಉಪಯೋಗಕ್ಕೆ ಬಂತು. ಅಲ್ಲಿಯವರೆಗೆ ಈ ನೆಲ ಅಪಾಚೆ, ಕಮಾಂಚಿ ಜನರು ಓಡಾಡುತ್ತಿದ್ದ ಬಯಲಾಗಿತ್ತು. ಗೂಟ ಹೊಡೆದು ನೆಲೆಸಿದವರು ಯಾರೂ ಇರಲಿಲ್ಲ.

ಕೌಂಟಿಗೆ ಹೆಸರು ಬಂದದ್ದು ಆಲಿವರ್ ಲವಿಂಗ್ ಎಂಬ ದನಗಳ ವ್ಯಾಪಾರಿಯಿಂದ. ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಅವನೂ ಚಾರ್ಲ್ಸ್ ಗುಡ್‌ನೈಟ್ ಎಂಬುವವನೂ ಸೇರಿ ಟೆಕ್ಸಾಸಿನ ದನಗಳನ್ನು ಪೇಕೊಸ್ ದಂಡೆಗುಂಟ ಮೇಲಕ್ಕೆ ಹೊಡೆದುಕೊಂಡು ಹೋದರು. ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ ಸರ್ಕಾರ ಕೂಡಿಹಾಕಿದ್ದ ಸಾವಿರಾರು ನವಾಹೊ ಜನರಿಗೆ ಆಹಾರಕ್ಕೆ ಮಾಂಸ ಬೇಕಾಗಿತ್ತು, ಸೇನೆ ಒಳ್ಳೆಯ ಬೆಲೆ ಕೊಡುತ್ತಿತ್ತು. ಮರುವರ್ಷದ ಪಯಣದಲ್ಲಿ ಕಮಾಂಚಿಗಳ ದಾಳಿಯಲ್ಲಿ ಲವಿಂಗ್ ಗಾಯಗೊಂಡ. ಗಾಯ ಕೊಳೆತು 1867ರ ಸೆಪ್ಟೆಂಬರಿನಲ್ಲಿ ಫೋರ್ಟ್ ಸಮ್ನರ್‌ನಲ್ಲೇ ಸತ್ತ. ಗುಡ್‌ನೈಟ್ ಕೊಟ್ಟ ಮಾತಿನಂತೆ ಶವವನ್ನು ಟೆಕ್ಸಾಸಿನ ವೆದರ್‌ಫರ್ಡ್‌ಗೆ ಸಾಗಿಸಿ ಮಣ್ಣು ಮಾಡಿಸಿದ. ಲವಿಂಗ್ ಈ ಕೌಂಟಿಯ ನೆಲವನ್ನು ದಾಟಿಹೋದವನೇ ಹೊರತು ಇಲ್ಲಿ ಬಾಳಿದವನಲ್ಲ. ಇಲ್ಲಿನ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವ ಬಹುಪಾಲು ಜನರ ಬಗ್ಗೆ ಇದೇ ಮಾತನ್ನು ಹೇಳಬಹುದು.

1887ರಲ್ಲಿ ಟಾಮ್ ಗ್ರೀನ್ ಕೌಂಟಿಯಿಂದ ಈ ಭಾಗವನ್ನು ಬೇರ್ಪಡಿಸಿ ನಕ್ಷೆಯಲ್ಲಿ ಲವಿಂಗ್ ಕೌಂಟಿಯನ್ನು ಬರೆದರು. 1890ರ ಗಣತಿಗೆ ಸಿಕ್ಕಿದ್ದು 3 ಜನ. ಆದರೆ ಮೂರೇ ವರ್ಷಕ್ಕೆ, 1893ರಲ್ಲಿ, ಕೌಂಟಿಗೆ ಪೂರ್ಣ ಆಡಳಿತ ಬೇಕೆಂಬ ಅರ್ಜಿ ಸಲ್ಲಿಕೆಯಾಗಿ ಚುನಾವಣೆಯೂ ನಡೆದುಹೋಯಿತು. ಇದರ ಹಿಂದಿದ್ದುದು ಕೊಲರಾಡೊದ ಡೆನ್ವರ್ ಕಡೆಯವರ ಒಂದು ಕಾಲುವೆ ಕಂಪನಿ. ಪೇಕೊಸ್ ನೀರನ್ನು ತಿರುಗಿಸಿ ಭೂಮಿ ಮಾರುವುದು ಅವರ ಎಣಿಕೆ. ಕೌಂಟಿಗೆ ಸ್ವಂತ ಆಡಳಿತವಿದ್ದರೆ ಕೆಲಸ ಸಲೀಸು. ಅರ್ಜಿಗೆ ಸಹಿ ಹಾಕಿದವರು, ಮತ ಚಲಾಯಿಸಿದವರು ನಿಜಕ್ಕೂ ಅಲ್ಲಿ ವಾಸವಾಗಿದ್ದರೇ ಎಂಬ ಪ್ರಶ್ನೆ ಬೇಗನೆ ಎದ್ದಿತು. ಪ್ರವಾಹ ಬಂದು ಕಾಮಗಾರಿ ಹಾಳಾಯಿತು, ಅಧಿಕಾರಿಗಳಾಗಿ ಗೆದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. 1897ರಲ್ಲಿ ರಾಜ್ಯದ ಶಾಸನಸಭೆ ಕೌಂಟಿಯನ್ನು ರದ್ದುಪಡಿಸಿ ರೀವ್ಸ್‌ಗೆ ಸೇರಿಸಿತು. ಮತ್ತೆ ಅದಕ್ಕೆ ಸ್ವಂತ ಆಡಳಿತ ಸಿಕ್ಕಿದ್ದು 1931ರಲ್ಲಿ. ಟೆಕ್ಸಾಸಿನಲ್ಲಿ ಎರಡು ಸಲ ಸ್ಥಾಪನೆಯಾದ ಕೌಂಟಿ ಇದೊಂದೇ, ಕೊನೆಯದಾಗಿ ಸ್ಥಾಪನೆಯಾದದ್ದೂ ಇದೇ.

ನಡುವಿನ ವರ್ಷಗಳಲ್ಲಿ ಬೇಸಾಯಗಾರರ ಒಂದು ಅಲೆ ಬಂದುಹೋಯಿತು. 1900ರಲ್ಲಿ 33 ಇದ್ದ ಜನಸಂಖ್ಯೆ 1910ಕ್ಕೆ 249 ಆಯಿತು. ನದಿದಂಡೆಯ ಪೋರ್ಟರ್‌ವಿಲ್‌ನಂಥ ಪುಟ್ಟ ಊರುಗಳಲ್ಲಿ ಶಾಲೆಯೂ ಎದ್ದಿತು. ಆಮೇಲೆ ಪ್ರವಾಹ, ಅದರ ಹಿಂದೆಯೇ ಬರ. ಸವಳು ನೀರು ಹೊಲಗಳನ್ನು ಕೆಡಿಸಿತು. 1920ರ ಗಣತಿಯಲ್ಲಿ ಉಳಿದವರು 82. ನಮ್ಮ ಕಂದಾಯ ದಾಖಲೆಗಳಲ್ಲಿ ಭೂಮಿ ಇದ್ದು ಜನವಿಲ್ಲದ ಹಳ್ಳಿಯನ್ನು ಬೇಚರಾಕ್ ಗ್ರಾಮ ಎನ್ನುತ್ತಾರಲ್ಲ, ಪೋರ್ಟರ್‌ವಿಲ್ ಆ ಸ್ಥಿತಿಗೆ ಬಂತು. 1910ರ ಅದರ ಶಾಲಾ ಕಟ್ಟಡವನ್ನು ಮಾತ್ರ ಜನ ಬಿಡಲಿಲ್ಲ. ಅದನ್ನು ಇಡಿಯಾಗಿ ಕೌಂಟಿಯ ಈಗಿನ ಕೇಂದ್ರಸ್ಥಾನವಾದ ಮೆಂಟೋನ್ ಊರಿಗೆ ಸಾಗಿಸಿದರು. ಹಲಗೆಯ ಆ ಚಿಕ್ಕ ಕಟ್ಟಡ ಈಗ ಅಲ್ಲಿನ ಚರ್ಚು, ಕೌಂಟಿಯಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡವೂ ಹೌದು.

1921ರಲ್ಲಿ ಎಣ್ಣೆ ಸಿಕ್ಕಿತು. ಮುಂದಿನ ಹತ್ತು ವರ್ಷಗಳಲ್ಲಿ ಬಾವಿ ಕೊರೆಯುವವರು, ಕೊಳವೆ ಜೋಡಿಸುವವರು, ಅವರಿಗೆ ಊಟ ಹಾಕುವವರು ಬಂದು ಗುಡಾರ, ತಗಡಿನ ಶೆಡ್ಡುಗಳಲ್ಲಿ ನೆಲೆಸಿದರು. ಕಾಲುವೆ ಕಂಪನಿಯ ಕಾಲದ ಮೊದಲ ಮೆಂಟೋನ್ ಹತ್ತೊಂಬತ್ತನೇ ಶತಮಾನದಲ್ಲೇ ಮಾಯವಾಗಿತ್ತು. ಅದೇ ಹೆಸರನ್ನು ಈ ಹೊಸ ಎಣ್ಣೆಯೂರಿಗೆ ಕೊಟ್ಟು 1931ರಲ್ಲಿ ಕೇಂದ್ರಸ್ಥಾನ ಮಾಡಿದರು. 1935ರಲ್ಲಿ ಕಟ್ಟಿದ ಇಟ್ಟಿಗೆಯ ನ್ಯಾಯಾಲಯ ಭವನ ಈಗಲೂ ಊರಿನ ಮುಖ್ಯ ಕಟ್ಟಡ. 1940ರ ಗಣತಿಯಲ್ಲಿ 285 ಜನ ಸಿಕ್ಕರು. ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಗಳಲ್ಲಿ ಕೌಂಟಿ ಕಂಡ ಗರಿಷ್ಠ ಸಂಖ್ಯೆ ಅದು. ಅಲ್ಲಿಂದ ಇಳಿಮುಖ: 1950ರಲ್ಲಿ 227, 1960ರಲ್ಲಿ 226, 1970ರಲ್ಲಿ 164, 1980ರಲ್ಲಿ 91. 1990ರಲ್ಲಿ ಒಮ್ಮೆ 107ಕ್ಕೆ ಏರಿ, 2000ದಲ್ಲಿ 67ಕ್ಕೆ ಇಳಿದು, 2010ರಲ್ಲಿ 82 ಆಗಿ, 2020ರಲ್ಲಿ 64ಕ್ಕೆ ಬಂದು ನಿಂತಿತು. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಏರಿಳಿತದ ಅರ್ಥವೇ ಬೇರೆ. ಎರಡು ದೊಡ್ಡ ಸಂಸಾರಗಳು ಗಂಟುಮೂಟೆ ಕಟ್ಟಿದರೆ ಅಂಕಿಅಂಶದಲ್ಲಿ ಅದು ಶೇಕಡಾ ಹದಿನೈದರ ಕುಸಿತವಾಗಿ ಕಾಣುತ್ತದೆ. ಸರಾಸರಿ ಆದಾಯ, ಸರಾಸರಿ ವಯಸ್ಸು ಮುಂತಾದವನ್ನು ಮಾದರಿ ಸಮೀಕ್ಷೆಗಳಿಂದ ಲೆಕ್ಕ ಹಾಕಿದಾಗ ಅವೂ ವರ್ಷದಿಂದ ವರ್ಷಕ್ಕೆ ಕುಣಿದಾಡುತ್ತವೆ; ಅವನ್ನು ನೆಚ್ಚಿಕೊಂಡು ಯಾವ ತೀರ್ಮಾನಕ್ಕೂ ಬರುವಂತಿಲ್ಲ.

2020ರ 64 ಎಂಬ ಅಂಕಿಯನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ವ್ಯಕ್ತಿಗಳ ಗುಟ್ಟು ಬಯಲಾಗದಂತೆ ಆ ಗಣತಿಯಲ್ಲಿ ಅಮೆರಿಕದ ಜನಗಣತಿ ಸಂಸ್ಥೆ ಹೊಸ ವಿಧಾನವೊಂದನ್ನು ತಂದಿತು. ಡಿಫರೆನ್ಷಿಯಲ್ ಪ್ರೈವೆಸಿ ಎಂದು ಅದಕ್ಕೆ ಹೆಸರು. ಎಣಿಸಿ ಬಂದ ಅಂಕಿಗೆ ಕಂಪ್ಯೂಟರ್ ಉದ್ದೇಶಪೂರ್ವಕವಾಗಿ ಸಣ್ಣದೊಂದು ಏರುಪೇರು ಬೆರೆಸುತ್ತದೆ. ಇಡೀ ರಾಜ್ಯದ ಜನಸಂಖ್ಯೆಯನ್ನು ಮಾತ್ರ ಇದ್ದಂತೆ ಪ್ರಕಟಿಸುತ್ತಾರೆ. ಕೌಂಟಿ, ಊರು, ಬೀದಿಯ ಮಟ್ಟಗಳಲ್ಲಿ ಪ್ರಕಟವಾಗುವುದು ಹೀಗೆ ಅಲುಗಾಡಿಸಿದ ಸಂಖ್ಯೆ. ಲಕ್ಷಾಂತರ ಜನರಿರುವಲ್ಲಿ ಒಂದೆರಡರ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಲವಿಂಗ್‌ನಲ್ಲಿ ಒಂದೆರಡೆಂದರೆ ಒಂದು ಮನೆ.

ಅದಕ್ಕಿಂತ ದೊಡ್ಡ ಗೋಜಲು ನಿವಾಸಿ ಯಾರು ಎಂಬುದು. ಒಬ್ಬ ವ್ಯಕ್ತಿ ಹೆಚ್ಚಿನ ಕಾಲ ಎಲ್ಲಿ ಉಂಡು ಮಲಗುತ್ತಾನೋ ಅಲ್ಲಿ ಅವನನ್ನು ಎಣಿಸಬೇಕೆಂದು ಗಣತಿಯ ನಿಯಮ. ಮತದಾರರ ಪಟ್ಟಿಯ ನಿಯಮ ಬೇರೆ. ಟೆಕ್ಸಾಸಿನ ಚುನಾವಣಾ ಕಾಯ್ದೆಯ ಪ್ರಕಾರ, ತಾತ್ಕಾಲಿಕವಾಗಿ ಎಲ್ಲಿಗೇ ಹೋಗಿದ್ದರೂ ಮರಳಿ ಬರುವ ಉದ್ದೇಶವಿರುವ ಖಾಯಂ ಮನೆಯೇ ವಾಸಸ್ಥಳ. ಉದ್ದೇಶವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ. ತಲೆಮಾರುಗಳಿಂದ ಜಮೀನು ಹೊಂದಿರುವ, ಮಕ್ಕಳ ಶಾಲೆಗೋ ಕೆಲಸಕ್ಕೋ ಬೇರೆ ಊರಿನಲ್ಲಿರುವ ಕುಟುಂಬಗಳು ಇಲ್ಲಿಯ ಮತದಾರರಾಗಿಯೇ ಉಳಿಯುತ್ತವೆ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಈ ಕೌಂಟಿಯಲ್ಲಿ ಚಲಾವಣೆಯಾದ ಮತಗಳು 66. ಅದೇ ವರ್ಷದ ಗಣತಿಯಲ್ಲಿ ಮಕ್ಕಳೂ ಸೇರಿ ಇದ್ದವರು 64! ಸ್ಥಳೀಯ ಚುನಾವಣೆಗಳಲ್ಲಿ ಬೆರಳೆಣಿಕೆಯ ಮತಗಳು ಸೋಲುಗೆಲುವನ್ನು ನಿರ್ಧರಿಸುವುದರಿಂದ ಯಾರ ಹೆಸರು ಪಟ್ಟಿಯಲ್ಲಿರಬೇಕು ಎಂಬ ಜಗಳ ಇಲ್ಲಿ ಹಳೆಯದು, ಆಗಾಗ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತದೆ. ಹೊರಗಿನವರ ಕಣ್ಣೂ ಇದರ ಮೇಲೆ ಬಿದ್ದಿದೆ. 2000ದ ದಶಕದ ಮಧ್ಯದಲ್ಲಿ ಸರ್ಕಾರದ ಹಸ್ತಕ್ಷೇಪವೇ ಬೇಡವೆನ್ನುವ ಲಿಬರ್ಟೇರಿಯನ್ ಪಂಥದ ಕೆಲವರು, ತಮ್ಮವರನ್ನು ಒಂದಷ್ಟು ಮಂದಿಯನ್ನು ಇಲ್ಲಿ ನೆಲೆಗೊಳಿಸಿ ಮತದ ಮೂಲಕ ಕೌಂಟಿಯ ಅಧಿಕಾರ ಹಿಡಿಯಲು ಯೋಜನೆ ಹಾಕಿದ್ದರು. ಸ್ಥಳೀಯ ಷರೀಫರು, ಅಂದರೆ ಚುನಾಯಿತ ಪೊಲೀಸ್ ಮುಖ್ಯಸ್ಥರು, ಎಚ್ಚೆತ್ತುಕೊಂಡರು, ಯೋಜನೆ ನೆಲ ಕಚ್ಚಿತು. 1893ರ ಕಾಲುವೆ ಕಂಪನಿಯವರ ತಂತ್ರಕ್ಕೂ ಇದಕ್ಕೂ ಉದ್ದೇಶ ಬೇರೆ, ಲೆಕ್ಕಾಚಾರ ಒಂದೇ.

ಅಧಿಕಾರ ಹಿಡಿಯುವುದಕ್ಕೆ ಇಲ್ಲೇನಿದೆ ಎಂದರೆ, ಜನರ ಸಂಖ್ಯೆಗೆ ಹೋಲಿಸಿದರೆ ಬಹಳವೇ ಇದೆ. ಟೆಕ್ಸಾಸ್ ಸಂವಿಧಾನ ದೊಡ್ಡ ಕೌಂಟಿ, ಸಣ್ಣ ಕೌಂಟಿ ಎಂದು ಭೇದ ಮಾಡಿಲ್ಲ. ಪ್ರತಿಯೊಂದನ್ನೂ ನಾಲ್ಕು ವಿಭಾಗಗಳಾಗಿ ಮಾಡಬೇಕು. ಒಂದೊಂದಕ್ಕೆ ಒಬ್ಬ ಕಮಿಷನರ್, ಎಲ್ಲರ ಮೇಲೆ ಕೌಂಟಿ ಜಡ್ಜ್ ಎಂಬ ಮುಖ್ಯಸ್ಥ. ಅವರ ಜೊತೆಗೆ ಷರೀಫ್, ಗುಮಾಸ್ತ, ಖಜಾಂಚಿ, ವಕೀಲ, ಸಣ್ಣ ವ್ಯಾಜ್ಯಗಳ ನ್ಯಾಯಾಧೀಶ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಕೌಂಟಿಗಳಲ್ಲಿ ಷರೀಫರೇ ತೆರಿಗೆ ವಸೂಲಿಯನ್ನೂ ನೋಡಿಕೊಳ್ಳಬಹುದೆಂಬ ರಿಯಾಯಿತಿ ಇದೆ. ಇಷ್ಟಾದರೂ ಲವಿಂಗ್‌ನ ವಯಸ್ಕರಲ್ಲಿ ಗಣನೀಯ ಪಾಲು ಒಂದೋ ಚುನಾಯಿತರು, ಇಲ್ಲವೇ ಕೌಂಟಿಯ ನೌಕರರು, ಅಥವಾ ಅವರ ಬಂಧುಗಳು. ಗಂಭೀರ ಅಪರಾಧದ ವಿಚಾರಣೆಗೆ ಹನ್ನೆರಡು ಜನರ ಜ್ಯೂರಿ ಬೇಕು. ಆರೋಪಿಯ ಪರಿಚಯವಿಲ್ಲದ ಹನ್ನೆರಡು ಮಂದಿಯನ್ನು ಇಲ್ಲಿ ಹುಡುಕುವುದು ಎಂಥ ಕೆಲಸವೆಂದು ಊಹಿಸಬಹುದು.

ಈ ಪುಟ್ಟ ಆಡಳಿತ ಒಂದು ಪ್ರಥಮಕ್ಕೂ ಕಾರಣವಾಗಿದೆ. ಟೆಕ್ಸಾಸಿನಲ್ಲಿ ಚುನಾವಣೆಯಿಂದ ಷರೀಫ್ ಆದ ಮೊದಲ ಮಹಿಳೆ ಎಡ್ನಾ ರೀಡ್ ಕ್ಲೇಟನ್ ಡೀವೀಸ್ ಇಲ್ಲಿಯವರು. 1945ರಿಂದ 1947ರವರೆಗೆ ಹುದ್ದೆಯಲ್ಲಿದ್ದ ಅವರು ಬಂದೂಕು ಇಟ್ಟುಕೊಂಡವರಲ್ಲ. ಇಡೀ ಅವಧಿಯಲ್ಲಿ ಅವರು ಬಂಧಿಸಿದ್ದು ಇಬ್ಬರನ್ನು.

ಜನವಿಲ್ಲದ ಈ ನೆಲ ಸದ್ದಿಲ್ಲದ ನೆಲವೇನೂ ಅಲ್ಲ. ಲವಿಂಗ್ ಕೌಂಟಿ ಇರುವುದು ಪರ್ಮಿಯನ್ ಜಲಾನಯನದ ಪಶ್ಚಿಮ ಭಾಗವಾದ ಡೆಲವೇರ್ ಜಲಾನಯನದ ಮೇಲೆ. ಇಪ್ಪತ್ತಾರು-ಇಪ್ಪತ್ತೇಳು ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಾದ ಕಡಲಿತ್ತು, ಅದರ ಸುತ್ತ ಬಂಡೆದಿಬ್ಬದ ಉಂಗುರ. ಆ ದಿಬ್ಬದ ಒಂದು ತುಂಡು ಪಶ್ಚಿಮದಲ್ಲಿ ಗ್ವಾಡಲೂಪೆ ಪರ್ವತವಾಗಿ ಇಂದಿಗೂ ತಲೆ ಎತ್ತಿ ನಿಂತಿದೆ. ಕಡಲಿನ ತಳದಲ್ಲಿ ಕೂಡಿಕೊಂಡ ಜೀವರಾಶಿಯ ಕೆಸರು ಒತ್ತಡ, ಶಾಖಗಳಿಗೆ ಸಿಕ್ಕಿ ಎಣ್ಣೆ ತುಂಬಿದ ಜೇಡುಗಲ್ಲಿನ ಪದರಗಳಾಯಿತು. ಬೋನ್ ಸ್ಪ್ರಿಂಗ್, ವುಲ್ಫ್‌ಕ್ಯಾಂಪ್ ಎಂದು ಅವಕ್ಕೆ ಹೆಸರು. ಹಳೆಯ ಬಗೆಯ ನೇರ ಬಾವಿಗಳಿಗೆ ಈ ಗಟ್ಟಿ ಪದರಗಳು ಹೆಚ್ಚೇನೂ ಬಿಟ್ಟುಕೊಡುತ್ತಿರಲಿಲ್ಲ. 2010ರ ನಂತರ ತಂತ್ರ ಬದಲಾಯಿತು. ಮೂರು ಕಿಲೋಮೀಟರ್‌ನಷ್ಟು ಕೆಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ಇನ್ನೂ ಎರಡು-ಮೂರು ಕಿಲೋಮೀಟರ್ ಸಾಗಿ, ಕೋಟಿಗಟ್ಟಲೆ ಲೀಟರ್ ನೀರನ್ನು ಮರಳಿನೊಂದಿಗೆ ಒತ್ತಿ ಕಲ್ಲನ್ನು ಬಿರಿಯುವಂತೆ ಮಾಡುತ್ತಾರೆ. ಇದರಿಂದಾಗಿ ಲವಿಂಗ್ ಇಂದು ಟೆಕ್ಸಾಸಿನ ಅತಿ ಹೆಚ್ಚು ಎಣ್ಣೆ ತೆಗೆಯುವ ಕೌಂಟಿಗಳ ಸಾಲಿಗೆ ಸೇರಿದೆ.

ಎಣ್ಣೆಯ ಹಿಂದೆ ಮತ್ತೆ ಜನ ಬಂದರು. ಬಂದವರು ಸಾವಿರಗಳ ಲೆಕ್ಕದಲ್ಲಿ. ಅವರಿಗಾಗಿ ಸಾಲುಸಾಲು ತಗಡಿನ ಕೋಣೆಗಳ ಶಿಬಿರಗಳು, ಟ್ರೇಲರ್ ಮನೆಗಳ ನಿಲ್ದಾಣಗಳು ಎದ್ದವು. ಸರದಿಯಂತೆ ದುಡಿದು ರಜೆಗೆ ಊರಿಗೆ ಹೋಗುವಂಥ ಪಾಳಿಗಳಲ್ಲಿ ಕೆಲಸ. ಮೆಂಟೋನ್ ನಡುವೆ ಹಾಯುವ 302ನೇ ರಾಜ್ಯ ಹೆದ್ದಾರಿಯಲ್ಲಿ ಹಗಲುರಾತ್ರಿ ಮರಳಿನ, ನೀರಿನ, ಎಣ್ಣೆಯ ಲಾರಿಗಳು. ರಾತ್ರಿ ಬಾವಿಗಳ ಮೇಲೆ ಹೆಚ್ಚುವರಿ ಅನಿಲ ಉರಿಯುವ ಬೆಳಕು ಬಹುದೂರಕ್ಕೆ ಕಾಣುತ್ತದೆ. ಆದರೆ ಈ ಕೆಲಸಗಾರರ ಖಾಯಂ ಮನೆ ಒಡೆಸ್ಸಾದಲ್ಲೋ ಹ್ಯೂಸ್ಟನ್‌ನಲ್ಲೋ ಲೂಸಿಯಾನಾದಲ್ಲೋ ಇರುವುದರಿಂದ ಗಣತಿಯವರು ಅವರನ್ನು ಅಲ್ಲಿಗೇ ಸೇರಿಸುತ್ತಾರೆ. ಜನಸಂಖ್ಯೆ 64 ಎಂದು ನಮೂದಾದ ಜಾಗದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜನ ಪ್ರತಿ ರಾತ್ರಿ ಮಲಗಿ ಏಳುತ್ತಿರುತ್ತಾರೆ. ಅಂಕಿ ಸುಳ್ಳಲ್ಲ. ಅದು ಹೇಳುವುದು ಖಾಯಂ ಮನೆಗಳ ವಿಷಯವನ್ನು ಮಾತ್ರ.

ಪೋಪ್ ಹುಡುಕಿ ಸೋತ ನೀರು ಈಗ ಬೇಡವೆಂದರೂ ಮೇಲೆ ಬರುತ್ತಿದೆ. ಡೆಲವೇರ್ ಜಲಾನಯನದಲ್ಲಿ ಒಂದು ಬ್ಯಾರೆಲ್ ಎಣ್ಣೆಯ ಜೊತೆ ಮೂರು-ನಾಲ್ಕು ಬ್ಯಾರೆಲ್ ಕಡು ಉಪ್ಪುನೀರು ಹೊರಬೀಳುತ್ತದೆ, ಸಮುದ್ರದ ನೀರಿಗಿಂತಲೂ ಹೆಚ್ಚು ಉಪ್ಪು. ಕುಡಿಯಲು, ಬೆಳೆಗೆ ಎರಡಕ್ಕೂ ಅದು ಆಗದು. ಸ್ವಲ್ಪ ಭಾಗವನ್ನು ಮತ್ತೆ ಕಲ್ಲು ಬಿರಿಯಿಸಲು ಬಳಸಿ, ಉಳಿದದ್ದನ್ನು ಬೇರೆ ಬಾವಿಗಳ ಮೂಲಕ ಭೂಮಿಯೊಳಕ್ಕೇ ಒತ್ತುತ್ತಾರೆ. ಒತ್ತಡ ಏರಿದಂತೆ ಹಳೆಯ ಬಿರುಕುಗಳು ಜಾರುತ್ತವೆ. 2020ರ ಮಾರ್ಚಿನಲ್ಲಿ ಮೆಂಟೋನ್‌ನ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ 5.0 ಪ್ರಮಾಣದ ಭೂಕಂಪವಾಯಿತು, 2022ರ ನವೆಂಬರಿನಲ್ಲಿ ಅದೇ ಸೀಮೆಯಲ್ಲಿ 5.4ರದ್ದು. ಆಮೇಲೆ ರಾಜ್ಯದ ನಿಯಂತ್ರಕರು ಈ ಭಾಗದಲ್ಲಿ ಆಳಕ್ಕೆ ಉಪ್ಪುನೀರು ಒತ್ತುವುದಕ್ಕೆ ಕಡಿವಾಣ ಹಾಕಿದರು.

ಕೌಂಟಿಯ ಏಕೈಕ ಊರಾದ ಮೆಂಟೋನ್‌ನಲ್ಲಿ 2020ರಲ್ಲಿ ಇದ್ದವರು 22 ಜನ. ಉಳಿದವರು ದನದ ರ‍್ಯಾಂಚುಗಳಲ್ಲಿ ಚದುರಿಕೊಂಡಿದ್ದಾರೆ. ಊರಿಗೆ ಪುರಸಭೆ ಇಲ್ಲ. ಆಸ್ಪತ್ರೆ, ಬ್ಯಾಂಕುಗಳೂ ಇಲ್ಲ. ಬಹುಕಾಲ ಕುಡಿಯುವ ನೀರು ಲಾರಿಯಲ್ಲಿ ಬರುತ್ತಿತ್ತು. ಮಕ್ಕಳ ಸಂಖ್ಯೆ ತೀರಾ ಇಳಿದಾಗ 1972ರಲ್ಲಿ ಶಾಲೆಯನ್ನು ಮುಚ್ಚಿ ಪಕ್ಕದ ವಿಂಕ್ಲರ್ ಕೌಂಟಿಯ ವಿಂಕ್ ಊರಿನ ಶಾಲೆಯೊಂದಿಗೆ ವಿಲೀನ ಮಾಡಿದರು. ಎಣ್ಣೆ ಆಸ್ತಿಯ ಮೇಲಿನ ತೆರಿಗೆಯಿಂದ ವಿಂಕ್-ಲವಿಂಗ್ ಶಾಲಾ ಜಿಲ್ಲೆ ಈಗ ಸಿರಿವಂತ. ಇಂಥ ಜಿಲ್ಲೆಗಳು ವರಮಾನದ ಒಂದು ಪಾಲನ್ನು ರಾಜ್ಯಕ್ಕೆ ಕೊಡಬೇಕು, ಅದು ಬಡ ಶಾಲೆಗಳಿಗೆ ಹಂಚಿಕೆಯಾಗುತ್ತದೆ. ದಿನಸಿಗೋ ಔಷಧಿಗೋ ಜನ ಹೋಗುವುದು ಮೂವತ್ತೇಳು ಕಿಲೋಮೀಟರ್ ದೂರದ ಪೇಕೊಸ್ ಪಟ್ಟಣಕ್ಕೆ. ದೊಡ್ಡ ಕೆಲಸವಿದ್ದರೆ ನೂರಿಪ್ಪತ್ತು ಕಿಲೋಮೀಟರ್ ಆಚೆಯ ಒಡೆಸ್ಸಾಕ್ಕೆ. ಹಣವಿದೆ, ಕೆಲಸವೂ ಇದೆ. ಆದರೆ ಹೊಸಬರಿಗೆ ಮನೆ ಕಟ್ಟಲು ನಿವೇಶನ ಸಿಗುವುದು ಕಷ್ಟ. ಭೂಮಿ ಕೆಲವೇ ಕುಟುಂಬಗಳು ಮತ್ತು ಕಂಪನಿಗಳ ಕೈಯಲ್ಲಿದೆ. 2020ರ ನಂತರದ ವಾರ್ಷಿಕ ಅಂದಾಜುಗಳಲ್ಲಿ ಜನಸಂಖ್ಯೆ ಐವತ್ತಕ್ಕಿಂತ ಕೆಳಗಿಳಿದಿದೆ.